ಭತ್ತಕ್ಕೆ ಓಣಿ, ಜೋಳಕ್ಕೆ ಹೆಚ್ಚು ಬೀಜ

“ಸಾರ್, ಎಕರೆಗೆ ಎಷ್ಟು ಬೀಜ ಹಾಕಲಿ?” ಹೀಗೆ ಕೇಳಿದವರಿಗೆ ನಾನು ಮೊದಲು ಕೇಳುವುದು, ನಿಮ್ಮನ್ನು ಕಾಡುವ ಹುಳು ಯಾವುದು ಅಂತ. ಪೈರು ಒತ್ತಾದರೆ ಕೀಟ ಜಾಸ್ತಿ ಅನ್ನೋ ಮಾತು ಎಲ್ಲ ಬೆಳೆಗೂ ಹೊಂದುವುದಿಲ್ಲ.

ಗಂಗಾವತಿ, ಸಿಂಧನೂರು ಕಡೆಯ ಭತ್ತಕ್ಕೆ ಅದು ಪೂರ್ತಿ ನಿಜ. ಅಲ್ಲಿನ ತಲೆನೋವು ಕಂದು ಜಿಗಿಹುಳು. ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ಪೈರಿನ ಬುಡದಲ್ಲಿ ಕೂತು ರಸ ಹೀರುತ್ತದೆ. ಅದಕ್ಕೆ ನೆರಳು ಬೇಕು, ತೇವ ಬೇಕು, ಗಾಳಿ ಆಡಬಾರದು. ಒತ್ತಾಗಿ ನಾಟಿ ಮಾಡಿ, ಯೂರಿಯಾ ಸುರಿದು, ನೀರು ನಿಲ್ಲಿಸಿದರೆ ಎಲ್ಲವನ್ನೂ ನಾವೇ ಒದಗಿಸಿದ ಹಾಗೆ. ಮೇಲಿಂದ ಗದ್ದೆ ಹಚ್ಚಗೇ ಕಾಣುತ್ತದೆ. ನಡುವೆ ದುಂಡಗೆ ಸುಟ್ಟಂತೆ ಒಣಗಿದಾಗಲೇ ಔಷಧಿ ಅಂಗಡಿಗೆ ಓಟ. ಆದರೆ ದಟ್ಟ ಪೈರಿನ ಮೇಲೆ ಹೊಡೆದ ಔಷಧಿ ಬುಡಕ್ಕೆ ಸರಿಯಾಗಿ ಇಳಿಯುವುದಿಲ್ಲ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರಂತೂ ಜಿಗಿಹುಳು ತಿನ್ನುವ ಜೇಡ, ಮಿರಿಡ್ ತಿಗಣೆ ಸತ್ತು, ಜಿಗಿಹುಳು ಮತ್ತಷ್ಟು ಹೆಚ್ಚುತ್ತದೆ.

ಅದಕ್ಕೇ ನಾಟಿಯಲ್ಲೇ ಪ್ರತಿ 2–3 ಮೀಟರಿಗೆ ಒಂದು ಅಡಿ ಅಗಲದ ಓಣಿ ಬಿಡಿ ಅನ್ನುವುದು. “ಅಷ್ಟು ಜಾಗ ಸುಮ್ನೆ ಹಾಳಲ್ವಾ?” ಅಂತಾರೆ. ಓಣಿ ಪಕ್ಕದ ಸಾಲುಗಳಿಗೆ ಬೆಳಕು ಜಾಸ್ತಿ ಸಿಕ್ಕಿ ತೆಂಡೆ, ಅಂದರೆ ಬುಡದ ಕವಲು, ಹೆಚ್ಚು ಒಡೆಯುತ್ತವೆ, ನಷ್ಟ ಒಂದಷ್ಟು ಅಲ್ಲೇ ತುಂಬುತ್ತದೆ. ನನ್ನ ಪ್ರಕಾರ ತೊಡಕು ಇರುವುದು ನಾಟಿ ದಿನ. ಗುತ್ತಿಗೆ ನಾಟಿಯವರಿಗೆ ಹಗ್ಗ ಹಿಡಿಯುವ ಪುರುಸೊತ್ತು ಎಲ್ಲಿ? ನೀವೇ ಬದುವಿನ ಮೇಲೆ ನಿಂತು ಓಣಿ ಬಿಡಿಸಬೇಕು.

ವಿಜಯಪುರದ ಹಿಂಗಾರಿ ಜೋಳಕ್ಕೆ ನಾನು ಹೇಳುವುದು ಇದಕ್ಕೆ ತಿರುಗುಮುರುಗು. ಅಲ್ಲಿ ಕಾಟ ಸುಳಿ ನೊಣದ್ದು. ಎಳೆ ಸಸಿಯ ಎಲೆಯಡಿ ಬಿಳಿ ಮೊಟ್ಟೆ ಇಡುತ್ತದೆ. ಮರಿ ಸುಳಿಯೊಳಗೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಸುಳಿ ಒಣಗಿ, ಎಳೆದರೆ ಕೈಗೆ ಬರುತ್ತದೆ. ಸಸಿಗೆ ಸುಮಾರು ಒಂದು ತಿಂಗಳಾದ ಮೇಲೆ ಇದರ ಭಯ ಕಡಿಮೆ. ಹಾಗಾಗಿ ಎಕರೆಗೆ 3 ಕಿಲೋ ಬದಲು 4–4.5 ಕಿಲೋ ಬಿತ್ತಿ. ಒಂದಷ್ಟು ಸಸಿ ನೊಣಕ್ಕೆ ಹೋದರೂ ಬೇಕಾದಷ್ಟು ಉಳಿಯುತ್ತವೆ. ಆಮೇಲೆ ಹೆಚ್ಚಾದ ಸಸಿ ಕಿತ್ತು ತೆಳುವು ಮಾಡುವಾಗ ಸುಳಿ ಒಣಗಿದವನ್ನು ಮೊದಲು ಕಿತ್ತು, ಹೊಲದ ಹೊರಗೆ ಒಯ್ದು ನಾಶ ಮಾಡಿ. ಒಳಗೆ ಮರಿ ಇನ್ನೂ ಜೀವಂತ ಇರಬಹುದು.

ಬೀಜ ಜಾಸ್ತಿ ಹಾಕಿ ಸಸಿ ತೆಳುವು ಮಾಡದೆ ಬಿಟ್ಟರೆ ಮಾತ್ರ ಕಷ್ಟ. ಎರೆಭೂಮಿಯ ತೇವ ಬೇಗ ಮುಗಿದು, ಕಾಳು ಕಟ್ಟುವ ಹೊತ್ತಿಗೆ ದಂಟು ಕಪ್ಪಾಗಿ ಕೊಳೆತು ಬೀಳುವ ರೋಗ ಹೆಚ್ಚುತ್ತದೆ.