ಸ್ಕಿಲ್‌ಗೂ ಟೈಮ್‌ಟೇಬಲ್: ಒಂದು ಪಿಎಚ್‌ಡಿ ಹಿಂದಿನ ನೂರು ವರ್ಷ

ಈ ವಾರ ಎಷ್ಟು ಕೆಜಿ ಎತ್ತಬೇಕು, ಎಷ್ಟು ಓಡಬೇಕು, ದೊಡ್ಡ ಟೂರ್ನಿ ಹತ್ರ ಬಂದಾಗ ಎಷ್ಟು ಇಳಿಸಬೇಕು, ಇದೆಲ್ಲ ಟಾಪ್ ಲೆವೆಲ್ ಆಟಗಾರರಿಗೆ ತಿಂಗಳುಗಟ್ಟಲೆ ಮೊದಲೇ ಶೀಟಲ್ಲಿ ಬರೆದಿರುತ್ತೆ. ಅದೇ ಆಟಗಾರನ ಸ್ಕಿಲ್‌ಗೆ ಪ್ಲಾನ್ ಏನು ಅಂತ ಕೇಳಿ ನೋಡಿ, ತುಂಬಾ ಕಡೆ ಒಂದೇ ಉತ್ತರ, ಕೋಚ್ ನೋಡ್ಕೋತಾರೆ ಬಿಡಿ ಅಂತ.

ದೇಹದ ಪ್ಲಾನ್ ಬಂದಿದ್ದು ಮುಖ್ಯವಾಗಿ ಸೋವಿಯತ್ ಕಡೆಯಿಂದ. 1952ರ ಹೆಲ್ಸಿಂಕಿಯಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಇಳಿದ ಮೇಲೆ ಅವರಿಗೆ ಪದಕ ಅನ್ನೋದು ಸರ್ಕಾರಿ ಕೆಲಸಾನೇ ಆಗೋಯ್ತು. 60ರ ದಶಕದಲ್ಲಿ ಅಲ್ಲಿನ ಕ್ರೀಡಾ ವಿಜ್ಞಾನಿ ಲೆವ್ ಮತ್ವೇಯೆವ್ ಇಡೀ ವರ್ಷವನ್ನ ತಯಾರಿ, ಸ್ಪರ್ಧೆ, ಆಮೇಲಿನ ಬಿಡುವು ಅಂತ ಭಾಗ ಮಾಡಿ ಪೀರಿಯಡೈಸೇಶನ್ ಥಿಯರಿ ಕೊಟ್ರು. ಭಾರ, ದೂರ, ಹೊತ್ತು ಎಲ್ಲಾ ಅಳೆಯೋಕೆ ಬರುತ್ತಲ್ಲ, ಎಲ್ಲಾ ದೇಶಕ್ಕೂ ಹಬ್ತು.

ತಮಾಷೆ ಅಂದ್ರೆ ಸ್ಕಿಲ್ ಬಗ್ಗೆ ಇನ್ನೂ ಆಳವಾದ ಮಾತು ಅದೇ ಮಾಸ್ಕೋದಲ್ಲಿ ಹತ್ತಿರತ್ರ 40 ವರ್ಷ ಮೊದಲೇ ಹುಟ್ಟಿತ್ತು. 1920ರ ದಶಕದಲ್ಲಿ, ಕಾರ್ಮಿಕರ ಕೆಲಸ ಚುರುಕು ಮಾಡೋಕೆ ಅಂತಿದ್ದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಲೇಬರ್‌ನಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಅನ್ನೋ ವಿಜ್ಞಾನಿ ಸುತ್ತಿಗೆ ಹೊಡೆಯೋ ಪಳಗಿದ ಕೆಲಸಗಾರರ ತೋಳಿಗೆ ಸಣ್ಣ ಬಲ್ಬು ಕಟ್ಟಿ ಫೋಟೋ ತೆಗೀತಿದ್ರು, ನೋಡಿದ್ರೆ ಸುತ್ತಿಗೆ ಬೀಳೋ ಜಾಗ ಹೆಚ್ಚುಕಮ್ಮಿ ಒಂದೇ ಆದ್ರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಬೇರೆ. ಅಂದ್ರೆ ಪಳಗಿದವನು ಹಳೇ ಏಟನ್ನ ಕಾಪಿ ಮಾಡ್ತಿಲ್ಲ, ಪ್ರತಿ ಸಲ ಲೆಕ್ಕವನ್ನ ಹೊಸದಾಗಿ ಬಿಡಿಸ್ತಿದಾನೆ. ಈ ಕೆಲಸ ಇಂಗ್ಲಿಷಲ್ಲಿ ಪುಸ್ತಕವಾಗಿ ಬಂದಿದ್ದು 1967ರಲ್ಲಿ, ಅವರು ತೀರಿಹೋದ ಮರುವರ್ಷ.

ಆಮೇಲೆ ಅಮೆರಿಕದಲ್ಲಿ 1979ರಲ್ಲಿ ಶೇ ಮತ್ತು ಮಾರ್ಗನ್ ಅನ್ನೋ ಸಂಶೋಧಕರು ಇನ್ನೊಂದು ತಲೆಕೆಳಗಾದ ಫಲಿತಾಂಶ ತೋರಿಸಿದ್ರು. ಮೂರು ಥರದ ಕೈಚಲನೆ ಒಂದೊಂದಾಗಿ ಮುಗಿಸ್ಕೊಂಡು ಕಲಿತವರು ಪ್ರಾಕ್ಟೀಸಲ್ಲಿ ಚೆನ್ನಾಗಿ ಕಂಡ್ರು, ಕಲಸುಮೇಲೋಗರ ಮಾಡ್ಕೊಂಡು ಕಲಿತವರು ತಡವರಿಸಿದ್ರು, ಆದ್ರೆ ಹತ್ತು ದಿನ ಬಿಟ್ಟು ಟೆಸ್ಟ್ ಮಾಡಿದಾಗ ತಡವರಿಸಿದವರೇ ಮುಂದೆ! ಅದು ಲ್ಯಾಬು, ಆಟ ಬೇರೆ ಅಂತಾರೆ ಅನ್ನಿ. 1994ರಲ್ಲಿ ಕಾಲೇಜು ಬೇಸ್‌ಬಾಲ್ ಆಟಗಾರರ ಮೇಲೂ ಮಾಡಿದ್ರು, ಮೂರು ಥರದ ಎಸೆತ, ಒಂದೊಂದು ಸೆಶನ್‌ಗೆ ತಲಾ 15. ಯಾವ ಬಾಲ್ ಬರುತ್ತೋ ಗೊತ್ತಿಲ್ಲದೆ ಆಡಿದವರು ಸುಮಾರು 57% ಸುಧಾರಿಸಿದ್ರು, ಒಂದೊಂದು ಥರ ಮುಗಿಸ್ಕೊಂಡು ಆಡಿದವರು ಸುಮಾರು 25%.

1993ರಲ್ಲಿ ಬಂದ ಮನಶ್ಶಾಸ್ತ್ರಜ್ಞ ಎರಿಕ್ಸನ್ ಅವರ ಪಿಟೀಲು ವಾದಕರ ಸಂಶೋಧನೆ ಮಾತ್ರ ಮುಂದೆ ಜನರ ಬಾಯಲ್ಲಿ ಹತ್ತು ಸಾವಿರ ಗಂಟೆ ಪ್ರಾಕ್ಟೀಸ್ ಮಾಡಿದ್ರೆ ಯಾರು ಬೇಕಾದ್ರೂ ಪಳಗ್ತಾರೆ ಅಂತಾಗೋಯ್ತು (ಅದು ಸ್ವತಃ ಎರಿಕ್ಸನ್‌ಗೇ ಹಿಡಿಸಲಿಲ್ಲ). ಗಂಟೆ ಎಣಿಸೋದು ಸುಲಭ, ಆ ಗಂಟೆಯಲ್ಲಿ ಏನು ಮಾಡಿದ್ರು ಅನ್ನೋದೇ ಕಷ್ಟ.

ದೇಹದ ಪ್ಲಾನು, ಸ್ಕಿಲ್ ಸಂಶೋಧನೆ, ಈ ಎರಡು ದಾರಿ ಸೇರಿದ್ದು ಇತ್ತೀಚೆಗೆ. 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಫ್ಯಾರೋ ಮತ್ತು ರಾಬರ್ಟ್‌ಸನ್, ಜಿಮ್‌ನ ಓವರ್‌ಲೋಡ್ (ರೂಢಿಗಿಂತ ಹೆಚ್ಚು ಭಾರ), ಪ್ರೊಗ್ರೆಶನ್ (ಹಂತಹಂತವಾಗಿ ಏರಿಸೋದು) ಥರದ ನಿಯಮಗಳನ್ನೇ ಸ್ಕಿಲ್‌ಗೂ ಹಾಕಿ ನೋಡಿದ್ರು, ಇಲ್ಲಿ ಭಾರ ಅಂದ್ರೆ ತಲೆಗೆ ಬೀಳೋ ಕೆಲಸ. 2019ರಲ್ಲಿ ಕಲೋನ್‌ನ ಜರ್ಮನ್ ಸ್ಪೋರ್ಟ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಿದ್ದ ಗೋಲ್‌ಕೀಪಿಂಗ್ ಕೋಚ್ ಫೇಬಿಯನ್ ಒಟ್ಟೆ ಜೊತೆಗಾರರ ಜೊತೆ ಸ್ಕಿಲ್ ಟ್ರೈನಿಂಗನ್ನ ಮೂರು ಹಂತ ಮಾಡಿದ್ರು: ಮೊದಲು ಚಲನೆಯ ಹೊಂದಾಣಿಕೆ, ಆಮೇಲೆ ಬೇಕಂತಲೇ ಗೊಂದಲ ಹಾಕಿ ಹೊಂದ್ಕೊಳ್ಳೋದು ಕಲಿಸೋದು, ಮ್ಯಾಚ್ ಹತ್ರ ಬಂದಾಗ ಗೊಂದಲ ಕಡಿಮೆ ಮಾಡಿ ಧೈರ್ಯ ತುಂಬೋದು. ನಂಗೆ ಇಷ್ಟ ಆಗಿದ್ದು ಈ ಮೂರನೇದು, ಯಾಕಂದ್ರೆ ಕಷ್ಟ ಕೊಟ್ರೇ ಕಲಿಯೋದು ಅನ್ನೋ ಪ್ರೊಫೆಸರ್‌ಗಳು ಮ್ಯಾಚ್ ಹಿಂದಿನ ದಿನದ ಹೆದರಿಕೆ ಮರೆತೇಬಿಟ್ಟಿರ್ತಾರೆ. ಒಟ್ಟೆ 2024ರಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಸೇರಿದ್ರು, ಸೋ ಥೀಸಿಸ್ ಕಪಾಟಲ್ಲಿ ಧೂಳು ಹಿಡೀಲಿಲ್ಲ.

ನಮ್ಮಲ್ಲಿ ಟೀಮ್ ಇಂಡಿಯಾಗೆ ಸೈಡ್‌ಆರ್ಮ್‌ನಲ್ಲಿ (ಬಾಲ್ ಜೋರಾಗಿ ಎಸೆಯೋ ಉದ್ದ ಹಿಡಿಯ ಸಾಧನ) ಥ್ರೋಡೌನ್ ಕೊಡೋ ಕುಮಟಾದ ರಾಘವೇಂದ್ರ ಗೊತ್ತಲ್ಲ, ಮ್ಯಾಚ್ ಸ್ಪೀಡು ನೆಟ್ಸಲ್ಲೇ ಸಿಗುತ್ತೆ. ಯಾವ ವಾರ ಬ್ಯಾಟರ್‌ನ ಸತಾಯಿಸ್ಬೇಕು, ಯಾವ ವಾರ ಮಿಡ್ಲ್ ಮಾಡೋ ಖುಷಿ ಕೊಡ್ಬೇಕು ಅನ್ನೋದನ್ನ ಶೀಟಲ್ಲಿ ಬರೀಬಹುದು. ಆದ್ರೆ ಒಂದು ಸರಣಿ ಮುಗಿದ ಬೆನ್ನಿಗೇ ಇನ್ನೊಂದು ಇರೋ ಕ್ಯಾಲೆಂಡರಲ್ಲಿ ಸತಾಯಿಸೋ ವಾರ ಎಲ್ಲಿದೆ, ಅದನ್ನ ಬೋರ್ಡ್‌ನವರನ್ನೇ ಕೇಳ್ಬೇಕು.