ಬಕೆಟ್ಟಿಗೊಂದು ಮಾತ್ರೆ

ಮಂಡಿನೋವಿಗೆ ಹಚ್ಚಿಕೊಳ್ಳುವ ಡೈಕ್ಲೋಫೆನಾಕ್ ಮುಲಾಮಿನಲ್ಲಿ ಚರ್ಮದ ಮೂಲಕ ಮೈಸೇರುವುದು ನೂರಕ್ಕೆ ಸುಮಾರು 6 ಪಾಲು ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ಸ್ನಾನದ ನೀರಿನೊಡನೆಯೋ ಒಗೆದ ಬಟ್ಟೆಯ ನೀರಿನೊಡನೆಯೋ ಚರಂಡಿ ಸೇರುತ್ತದೆ. ನುಂಗಿದ ಮಾತ್ರೆಯ ಒಂದಷ್ಟು ಅಂಶವೂ ಮೂತ್ರದೊಡನೆ ಅದೇ ದಾರಿ ಹಿಡಿಯುತ್ತದೆ. ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ಮುಖ್ಯ ಕೆಲಸಗಾರರು ಬ್ಯಾಕ್ಟೀರಿಯಾಗಳು. ಅನ್ನದ ಗಂಜಿಯನ್ನೂ ಮಲವನ್ನೂ ಸಲೀಸಾಗಿ ಅರಗಿಸಿಕೊಳ್ಳುವ ಅವು ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್‌ನಂಥ ಅಣುವನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟುಬಿಡುತ್ತವೆ.

ಕಾರ್ಖಾನೆಗಳ ಲೆಕ್ಕವೇ ಬೇರೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯನೀರು ಬಂದು ಸೇರುತ್ತಿದ್ದ ಸಾಮೂಹಿಕ ಘಟಕವೊಂದರ ಹೊರಹರಿವನ್ನು ಪರೀಕ್ಷಿಸಿದ ಸ್ವೀಡನ್ನಿನ ಸಂಶೋಧಕರು, ಅದರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಬ್ಯಾಕ್ಟೀರಿಯಾನಾಶಕ ಔಷಧ (ಆ್ಯಂಟಿಬಯೋಟಿಕ್) ಇದೆಯೆಂದು 2007ರಲ್ಲಿ ಪ್ರಕಟಿಸಿದರು. ಎಂದರೆ 16 ಲೀಟರಿನ ಬಕೆಟ್ಟಿಗೆ 500 ಮಿಲಿಗ್ರಾಂನ ಒಂದು ಮಾತ್ರೆ ಕರಗಿಸಿದ ಹಾಗೆ. ಅದೂ ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿ! ಅಂಥ ನೀರಿನಲ್ಲಿ ಬದುಕುಳಿಯುವ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಜಗ್ಗದವೇ ಆಗಿರುತ್ತವೆ.

ಬ್ಯಾಕ್ಟೀರಿಯಾ ಸೋತ ಇಂಥ ಕಡೆ ವಿದ್ಯುತ್ತು ನೆರವಿಗೆ ಬರಬಲ್ಲದು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಎರಡು ಪೆನ್ಸಿಲ್ ಕಡ್ಡಿ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದರೆ ಎರಡರಲ್ಲೂ ಗುಳ್ಳೆಗಳೇಳುತ್ತವೆ. ಧನಾಗ್ರದಲ್ಲಿ, ಎಂದರೆ ಬ್ಯಾಟರಿಯ ಪ್ಲಸ್ ತುದಿಗೆ ಜೋಡಿಸಿದ ಕಡ್ಡಿಯಲ್ಲಿ, ಏಳುವುದು ಮುಖ್ಯವಾಗಿ ಆಮ್ಲಜನಕ. ನೀರಿನ ಅಣು ಎಲೆಕ್ಟ್ರಾನ್ ಕಳೆದುಕೊಂಡು ಆಮ್ಲಜನಕವಾಗುವ ಹಾದಿಯ ನಡುವೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಮಹಾ ಮುಂಗೋಪಿ ಹುಟ್ಟುತ್ತದೆ. ಓಜೋನಿನ ಉತ್ಕರ್ಷಣ ಸಾಮರ್ಥ್ಯ (ಬೇರೆ ಅಣುಗಳಿಂದ ಎಲೆಕ್ಟ್ರಾನ್ ಕಸಿಯುವ ತಾಕತ್ತು) 2.07 ವೋಲ್ಟ್ ಆದರೆ ಇದರದ್ದು ಸುಮಾರು 2.8 ವೋಲ್ಟ್. ಹಲವು ಲೋಹಗಳ ಮೇಲ್ಮೈ ಇದನ್ನು ಬಿಗಿಯಾಗಿ ಹಿಡಿದು ಬೇಗನೆ ಆಮ್ಲಜನಕವಾಗಿಸಿಬಿಡುತ್ತದೆ. ಬೋರಾನ್ ಬೆರೆಸಿದ ವಜ್ರದ ತೆಳುಪದರ ಹಾಗೆ ಹಿಡಿಯುವುದಿಲ್ಲ. ಶುದ್ಧ ವಜ್ರದಲ್ಲಿ ವಿದ್ಯುತ್ತು ಹರಿಯದು; ಅಲ್ಲಲ್ಲಿ ಇಂಗಾಲದ ಜಾಗದಲ್ಲಿ ಬೋರಾನ್ ಕೂತಾಗ ಹರಿಯುತ್ತದೆ. ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳಿಂದ ಬೆಳೆಸುವ ಈ ಕಪ್ಪು ಪದರದ ಮೇಲೆ ಸಡಿಲವಾಗಿ ನಿಂತ ರ‍್ಯಾಡಿಕಲ್ ಕೈಗೆ ಸಿಕ್ಕ ಅಣುವನ್ನೆಲ್ಲ ಹರಿದುಹಾಕುತ್ತದೆ. ಡೈಕ್ಲೋಫೆನಾಕ್ ಸಿಕ್ಕರೆ ಅದರ ಎರಡು ಕ್ಲೋರಿನ್‌ಗಳು ಕಳಚುತ್ತವೆ, ಉಂಗುರಗಳು ಬಿಚ್ಚಿಕೊಳ್ಳುತ್ತವೆ, ಆಕ್ಸಾಲಿಕ್ ಆಮ್ಲದಂಥ ಪುಟ್ಟ ಆಮ್ಲಗಳಾಗಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ತೊಡಕಿರುವುದು ರ‍್ಯಾಡಿಕಲ್ಲಿನ ಅಲ್ಪಾಯುಷ್ಯದಲ್ಲಿ. ಅದು ಹುಟ್ಟಿದ ಜಾಗದಿಂದ ದೂರ ಹೋಗಲಾರದು, ಔಷಧದ ಅಣುವೇ ವಜ್ರದ ಪದರ ಹೊದ್ದ ತಗಡಿನ ಬಳಿಗೆ ಬರಬೇಕು. ಔಷಧ ಲೀಟರಿಗೆ ನ್ಯಾನೋಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿರುವ ನದಿನೀರಿನಲ್ಲಿ ಅದು ಅಪರೂಪಕ್ಕೆ ಬರುತ್ತದೆ. ಅಷ್ಟರಲ್ಲಿ ಕೊಟ್ಟ ವಿದ್ಯುತ್ತೆಲ್ಲ ಗುಳ್ಳೆ ಎಬ್ಬಿಸುವುದಕ್ಕೇ ಖರ್ಚಾಗಿರುತ್ತದೆ. ಹೀಗಾಗಿ ಈ ತಂತ್ರವನ್ನು ಹೊಳೆಯ ದಡದಲ್ಲಿ ಹೂಡುವುದು ದುಡ್ಡಿನ ದಂಡವೆಂದೇ ನನ್ನೆಣಿಕೆ. ಅದರ ಜಾಗ ಕಾರ್ಖಾನೆಯ ಕೊಳವೆಯ ಬಾಯಿ, ಬೇರೆ ನೀರು ಬೆರೆಯುವ ಮುಂಚೆ.

ಅಲ್ಲಿಯೂ ಉಪ್ಪು ಕಾಡುತ್ತದೆ. ಮೊದಲು ಹೇಳಿದ ಪ್ರಯೋಗದಲ್ಲಿ ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಮೂಗಿಗೆ ಅಡರುವುದು ಕ್ಲೋರಿನ್. (ಹಾಕಲೇಬೇಕೆಂದರೆ ಕಿಟಕಿ ತೆರೆದಿಡಿ.) ವಜ್ರದ ತಗಡಿನ ಮೇಲೆ ಉಪ್ಪಿನಲ್ಲಿರುವ ಕ್ಲೋರೈಡು ಇನ್ನೂ ಮುಂದೆ ಸಾಗಿ ಪರ್ಕ್ಲೋರೇಟ್ ಆಗುತ್ತದೆ, ಅದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದಂತೆ ಅಡ್ಡಿಪಡಿಸುವ ವಸ್ತು. ಆದ್ದರಿಂದ 'ಔಷಧ ಪೂರ್ತಿ ಮಾಯ' ಎನ್ನುವ ಪ್ರಯೋಗದ ವರದಿ ಕೈಗೆ ಬಂದಾಗ, ಒಡೆದ ಚೂರುಗಳ ಲೆಕ್ಕವನ್ನೂ ಹೇಳುವ ಒಟ್ಟು ಸಾವಯವ ಇಂಗಾಲ ಎಷ್ಟು ಉಳಿಯಿತು, ಪರ್ಕ್ಲೋರೇಟ್ ಎಷ್ಟು ಹುಟ್ಟಿತು ಎಂಬ ಎರಡು ಅಂಕಿಗಳನ್ನು ನಾನು ಮೊದಲು ಹುಡುಕುತ್ತೇನೆ.