ಚಾಸಿಗಿಂತ ಮೊದಲು ಟ್ಯೂಬ್ ನೋಡಿ

ಕೊಡಗಿನ ಹೋಂಸ್ಟೇಯವರು ಅತಿಥಿಗಳಿಗೆಂದು ಒಳಗೇ ಮಾನಿಟರ್ ಇರುವ ಹಳೆಯ ಆರ್ಕೇಡ್ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಮೈಸೂರು, ಬೆಂಗಳೂರಿನ ಗುಜರಿಯಿಂದ ತರಿಸುತ್ತಾರೆ. ರಿಪೇರಿಗೆಂದು ನನ್ನ ಹತ್ತಿರ ಬಂದಾಗ ಕೇಳುವುದು ಒಂದೇ, "ಟಿವಿ ಕಿತ್ತು ಎಲ್‌ಸಿಡಿ ಹಾಕಿಬಿಡಿ." ಬೇಡ, ಮೊದಲು ಪರೀಕ್ಷೆ ಮಾಡೋಣ ಎನ್ನುತ್ತೇನೆ. ಆ ಆಟಗಳ ಚಿತ್ರ ಪಿಕ್ಚರ್ ಟ್ಯೂಬಿಗೆಂದೇ ಮಾಡಿದ್ದು. ಚಾಸಿಯ, ಅಂದರೆ ಟ್ಯೂಬನ್ನು ನಡೆಸುವ ಸರ್ಕ್ಯೂಟಿನ, ಬಿಡಿಭಾಗ ಇಂದಿಗೂ ಸಿಗುತ್ತದೆ, ಒಳ್ಳೆಯ ಟ್ಯೂಬ್ ಹೊಸದಾಗಿ ಎಲ್ಲೂ ತಯಾರಾಗುತ್ತಿಲ್ಲ.

ಮಾನಿಟರಿನ ಹಿಂಬದಿಯ ಚೀಟಿ ಓದಿ. ವೆಲ್ಸ್ ಗಾರ್ಡ್ನರ್, ಹಂಟರೆಕ್ಸ್, ನನಾವೊ ಎಂಬ ಕಂಪನಿಗಳ ಹೆಸರುಗಳಿರಬಹುದು. ಹೆಸರಿಗಿಂತ ವೋಲ್ಟೇಜ್ ಮುಖ್ಯ. ಅಮೆರಿಕ, ಜಪಾನಿನಿಂದ ಬಂದವು ಬಹುತೇಕ 100ರಿಂದ 120 ವೋಲ್ಟಿನವು, ನಮ್ಮ 230ಕ್ಕೆ ನೇರ ಕೊಟ್ಟರೆ ಸುಟ್ಟೇಹೋಗುತ್ತವೆ. ಎಷ್ಟೋ ಚಾಸಿಗಳಿಗೆ, ಮೈನ್ಸ್ ಕರೆಂಟಿನಿಂದ ಚಾಸಿಯನ್ನು ಬೇರೆಯಾಗಿಡುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಒಳಗಿರುವುದಿಲ್ಲ, ಪೆಟ್ಟಿಗೆಯ ತಳದಲ್ಲಿ ಬೇರೆ ಇರುತ್ತದೆ. ಮಾನಿಟರ್ ಮಾತ್ರ ಕಳಚಿ ತಂದವರು ಅದನ್ನು ಅಲ್ಲೇ ಬಿಟ್ಟು ಬಂದಿರುತ್ತಾರೆ. ಅದಿಲ್ಲದೆ ಆನ್ ಮಾಡಿದರೆ ಚಾಸಿಯ ತಗಡೇ ಶಾಕ್ ಹೊಡೆಯಬಹುದು.

ಇನ್ನು ಟ್ಯೂಬ್. ಆಫ್ ಇದ್ದಾಗಲೇ ಗಾಜಿನ ಮೇಲೆ ಆಟದ ಗೋಡೆಗಳ ನೆರಳು ಕಂಡರೆ ಗಾಜಿನ ಒಳಬದಿಯ ಹೊಳೆಯುವ ಲೇಪ (ಫಾಸ್ಫರ್) ಸುಟ್ಟಿದೆ ಎಂದರ್ಥ. ಅದೇ ಆಟಕ್ಕೆ ಬಳಸುವುದಾದರೆ ನಾನು ಅಂಥ ಟ್ಯೂಬನ್ನೂ ಉಳಿಸುತ್ತೇನೆ. ಟ್ಯೂಬಿನ ಹಿಂದಿನ ಸಪೂರ ಕತ್ತಿನಲ್ಲಿ ಬಿರುಕಿದ್ದರೆ ಮಾತ್ರ ಆಸೆ ಬಿಡಿ, ಒಳಗೆ ಗಾಳಿ ಹೊಕ್ಕಿರುತ್ತದೆ. ಆನ್ ಮಾಡಿದ ಮೇಲೆ ಆ ಕತ್ತಿನೊಳಗಿನ ಹೀಟರ್ ಕೆಂಪಗೆ ಹೊಳೆಯಬೇಕು. ಚಿತ್ರ ಮೊದಲು ಮಂಕಾಗಿದ್ದು ಬಹಳ ಹೊತ್ತಿನ ಬಳಿಕ ತಿಳಿಯಾದರೆ ಎಲೆಕ್ಟ್ರಾನ್ ಹಾರಿಸುವ ಗನ್ ಸೋತಿದೆ.

ಆದರೆ ಕಕ್ಕಡದ ಮಳೆಯಲ್ಲಿ ಬಂದ ಮಾನಿಟರನ್ನು ಅಂದೇ ಪ್ಲಗ್ಗಿಗೆ ಹಾಕಬೇಡಿ. ಭಾಗಮಂಡಲ, ಮಡಿಕೇರಿ ಕಡೆಯ ಥಂಡಿ ಮತ್ತು ಧೂಳು ಸೇರಿದರೆ ಟ್ಯೂಬಿಗೆ ದಪ್ಪ ವೈರು ಸೇರುವ ರಬ್ಬರ್ ಮುಚ್ಚಳದ, ಅಂದರೆ ಆನೋಡ್ ಟೋಪಿಯ, ಸುತ್ತ ಕಿಡಿ ಹಾರುತ್ತದೆ, ಆ ವೈರಿಗೆ ಹೆಚ್ಚು ವೋಲ್ಟೇಜ್ ಕೊಡುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ಎಲ್‌ಒಟಿ) ಹೋಗುತ್ತದೆ. ಕಲರ್ ಟ್ಯೂಬಿನಲ್ಲಿ ಅಲ್ಲಿರುವುದು 20,000 ವೋಲ್ಟಿಗೂ ಹೆಚ್ಚು. ಬೆಚ್ಚಗಿನ ಕೋಣೆಯಲ್ಲಿ ಕೆಲವು ದಿನ ಒಣಗಲಿ. ಆಫ್ ಆದ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿಯುತ್ತದೆ. ಆ ಟೋಪಿಗೆ ಕೈ ಹಾಕುವುದು, ಚಾರ್ಜ್ ಇಳಿಸುವುದು ಬಲ್ಲ ಮೆಕ್ಯಾನಿಕ್ಕಿನ ಕೆಲಸ.

ಮೊದಲ ಸಲ ಸೀರೀಸ್ ಲ್ಯಾಂಪಿನ, ಅಂದರೆ ಕರೆಂಟಿನ ದಾರಿಯಲ್ಲಿ ಸಾಲಾಗಿ ಜೋಡಿಸಿದ ಬಲ್ಬಿನ, ಮೂಲಕವೇ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಉರಿದು ಮಂದವಾದರೆ ಸರಿ, ಪೂರ್ತಿ ಬೆಳಕಿನಲ್ಲೇ ನಿಂತರೆ ಶಾರ್ಟ್ ಇದೆ, ಹೆಚ್ಚಾಗಿ ಎಲ್‌ಒಟಿಯನ್ನು ನಡೆಸುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ. ಉಳಿದಂತೆ ಒಣಗಿದ ಕೆಪಾಸಿಟರ್, ಬಿರುಕು ಬಿಟ್ಟ ಬೆಸುಗೆ. ಇವೆಲ್ಲ ಸಣ್ಣ ರಿಪೇರಿ.

ಟ್ಯೂಬ್ ನಿಜಕ್ಕೂ ಸತ್ತಿದ್ದರೆ ನಿಮ್ಮ ಅಟ್ಟದ ಹಳೆಯ ಕಲರ್ ಟಿವಿ ನೆನಪಿಸಿಕೊಳ್ಳಿ. ಹೆಚ್ಚಿನ ಗೇಮ್ ಮಾನಿಟರುಗಳು ಚಿತ್ರದ ಅಡ್ಡಗೆರೆಗಳನ್ನು ಎಳೆಯುವುದು ಸುಮಾರು 15 ಕಿಲೋಹರ್ಟ್ಸ್‌ನಲ್ಲಿ. ನಮ್ಮ ಟಿವಿಯದು 15.625. ಅಳತೆ, ಸಾಕೆಟ್ಟಿನ ಪಿನ್, ಹೀಟರ್ ವೋಲ್ಟೇಜ್ ಹೊಂದಿ, ಕತ್ತಿನ ಮೇಲೆ ಕೂತು ಕಿರಣ ತಿರುಗಿಸುವ ಯೋಕಿನ ಸುರುಳಿಗಳೂ ಹತ್ತಿರವಿದ್ದರೆ ಆ ಟ್ಯೂಬ್ ಇಲ್ಲಿ ಕೂರುತ್ತದೆ. 24 ಅಥವಾ 31 ಕಿಲೋಹರ್ಟ್ಸ್‌ನ ಮಾನಿಟರಿಗೆ ಈ ಉಪಾಯ ಸಾಮಾನ್ಯವಾಗಿ ನಡೆಯದು.

ತೆಗೆದ ಟ್ಯೂಬನ್ನು ತೋಟದ ಗುಂಡಿಗೆ ಎಸೆಯಬೇಡಿ. ಕಲರ್ ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಸೀಸವಿದೆ, ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಡೆಯದೆ ಕೊಡಿ.